ಶೇಕಡಾ ಲೆಕ್ಕ: ಯಾರಲ್ಲಿ ಎಷ್ಟು ಮಂದಿ?

ಮಳೆ ಕೈಕೊಟ್ಟ ವರ್ಷ ಹೊಸದುರ್ಗದ ಸೀಮೆಯ ತೆಂಗಿನ ತೋಟದವರಿಗೆ ಎಷ್ಟು ನೆರವು ಬೇಕೆಂದು ಗೊತ್ತುಮಾಡುವಾಗ ಮೊದಲು ಏಳುವ ಪ್ರಶ್ನೆ ಇದು: ಊರಿನ ರೈತರಲ್ಲಿ ಶೇಕಡಾ ಎಷ್ಟು ಮಂದಿಗೆ ತೆಂಗಿನ ತೋಟವಿದೆ? ಸುಲಭದ ಲೆಕ್ಕವೆಂದು ತಮಗೆ ತೋರಬಹುದು. ಆದರೆ ರೈತರ ಹೆಸರು ಒಂದು ಪಟ್ಟಿಯಲ್ಲಿ, ಬೆಳೆಯ ವಿವರ ಇನ್ನೊಂದರಲ್ಲಿ ಇದ್ದರೆ ಗತಿಯೇನು?

ಹಿಂದೆ ಶಾನುಭೋಗರು ಎರಡು ಪುಸ್ತಕಗಳನ್ನು ಎದುರುಬದುರು ಬಿಚ್ಚಿಟ್ಟು ತಾಳೆ ನೋಡುತ್ತಿದ್ದರು. ಕರ್ನಾಟಕದ ಪಹಣಿಗಳು ‘ಭೂಮಿ’ ಯೋಜನೆಯ ಮೂಲಕ ೨೦೦೦ದ ಸುಮಾರಿಗೆ ಗಣಕಯಂತ್ರವನ್ನು ಸೇರಿದವು. ಯಂತ್ರದಲ್ಲಿ ಮಾಹಿತಿಯನ್ನು ಪ್ರತ್ಯೇಕ ಪಟ್ಟಿಗಳಾಗಿ ಇಟ್ಟು, ಬೇಕಾದಾಗ ಜೋಡಿಸುವ ಕ್ರಮವನ್ನು ೧೯೭೦ರಲ್ಲಿ ಎಡ್ಗರ್ ಕಾಡ್ ಎಂಬ ಗಣಿತಜ್ಞರು ಪ್ರತಿಪಾದಿಸಿದರು.

ಒಂದು ಊರಿನಲ್ಲಿ ೧೦ ಮಂದಿ ರೈತರಿದ್ದಾರೆಂದು ಭಾವಿಸೋಣ. ೪ ಮಂದಿಗೆ ತೆಂಗಿನ ತೋಟ. ಪ್ರತಿಯೊಬ್ಬರಿಗೂ ೩ ಸರ್ವೆ ನಂಬರು. ಇನ್ನು ೪ ಮಂದಿಗೆ ಒಂದೊಂದೇ ನಂಬರು, ಅದರಲ್ಲಿ ರಾಗಿ. ಉಳಿದ ಇಬ್ಬರ ಜಮೀನು ಬೀಳು. ಬೆಳೆಯ ಪಟ್ಟಿಯಲ್ಲಿ ಅವರ ಸಾಲೇ ಇಲ್ಲ.

ಎರಡು ಪಟ್ಟಿಗಳನ್ನೂ ಸುಮ್ಮನೆ ಜೋಡಿಸಿದರೆ ೧೬ ಸಾಲುಗಳಾಗುತ್ತವೆ. ತೆಂಗಿನವು ೧೨. ಉತ್ತರ ಶೇಕಡಾ ೭೫! ಯಂತ್ರ ಎಣಿಸಿದ್ದು ಸರ್ವೆ ನಂಬರುಗಳನ್ನು, ರೈತರನ್ನಲ್ಲ. ಒಬ್ಬನನ್ನು ಒಂದೇ ಸಲ ಎಣಿಸೆಂದು, ಅಂದರೆ ‘ಕೌಂಟ್ ಡಿಸ್ಟಿಂಕ್ಟ್’ ಎಂದು, ಹೇಳಿದರೆ ೮ರಲ್ಲಿ ೪, ಶೇಕಡಾ ೫೦. ಇದೂ ತಪ್ಪೇ. ಬೀಳು ಜಮೀನಿನ ಇಬ್ಬರು ಲೆಕ್ಕದಿಂದಲೇ ಜಾರಿಹೋದರು.

ಅವರನ್ನು ಉಳಿಸಿಕೊಳ್ಳಲು ರೈತರ ಪಟ್ಟಿಯನ್ನು ಎಡಗಡೆ ಇಟ್ಟು ‘ಲೆಫ್ಟ್ ಜಾಯಿನ್’ ಮಾಡಬೇಕು. ಆಗ ಬೆಳೆಯ ಸಾಲು ಸಿಗದಿದ್ದರೂ ರೈತನ ಹೆಸರು ನಿಲ್ಲುತ್ತದೆ. ಮೇಲೆ ತೆಂಗಿನವರನ್ನು ಮಾತ್ರ, ಕೆಳಗೆ ಎಲ್ಲರನ್ನೂ, ಒಬ್ಬೊಬ್ಬರನ್ನು ಒಂದೇ ಸಲ ಎಣಿಸಿದರೆ ೧೦ರಲ್ಲಿ ೪, ಶೇಕಡಾ ೪೦. ಇದೇ ಸರಿಯಾದ ಉತ್ತರ. ಆದರೆ ‘ಬೆಳೆ ತೆಂಗಾಗಿರಲಿ’ ಎಂಬ ಷರತ್ತನ್ನು ಇಡೀ ಪಟ್ಟಿಗೇ ಹಾಕಿಬಿಟ್ಟರೆ ತೆಂಗಿನವರಷ್ಟೇ ಉಳಿದು, ಉತ್ತರ ಶೇಕಡಾ ೧೦೦ ಆಗಿಬಿಡುತ್ತದೆ.

ಇನ್ನೊಂದು ಎಚ್ಚರಿಕೆ. ಕೆಲವು ವ್ಯವಸ್ಥೆಗಳಲ್ಲಿ ಪೂರ್ಣಾಂಕವನ್ನು ಪೂರ್ಣಾಂಕದಿಂದ ಭಾಗಿಸಿದಾಗ ದಶಾಂಶ ಉದುರಿಹೋಗಿ, ೪ನ್ನು ೧೦ರಿಂದ ಭಾಗಿಸಿದ ಫಲ ಸೊನ್ನೆಯೆಂದು ಬರುತ್ತದೆ. ಆದ್ದರಿಂದ ಮೊದಲು ೧೦೦.೦ರಿಂದ ಗುಣಿಸಿ ಅನಂತರ ಭಾಗಿಸತಕ್ಕದ್ದು.

೭೫, ೫೦, ೪೦, ೧೦೦. ಊರು ಒಂದೇ, ರೈತರೂ ಅವರೇ. ತಪ್ಪು ಉತ್ತರ ಕಚೇರಿಗೆ ಹೋದರೆ ನೆರವಿನ ಹಣ ಒಂದು ಊರಿಗೆ ಹೆಚ್ಚಾಗಿ, ಇನ್ನೊಂದಕ್ಕೆ ಕಡಿಮೆಯಾದೀತು. ಆದುದರಿಂದ ಪತ್ರಿಕೆಯಲ್ಲಾಗಲಿ ಬಾನುಲಿಯಲ್ಲಾಗಲಿ ಶೇಕಡಾವಾರು ಅಂಕಿ ಬಂದಾಗ ‘ಎಷ್ಟು?’ ಎನ್ನುವ ಮೊದಲು ‘ಯಾರಲ್ಲಿ?’ ಎಂದು ಕೇಳುವುದನ್ನು ರೂಢಿಮಾಡಿಕೊಳ್ಳಿರಿ.