ಯೋಗವೂ ಭಕ್ತಿಯೂ

ಯೋಗವೆಂದೊಡನೆ ಆಸನಗಳು ನೆನಪಾಗುವುದು ಸಹಜ. ಆದರೆ ಪತಂಜಲಿಯ ಯೋಗಸೂತ್ರಗಳಲ್ಲಿ ಆಸನದ ವಿವರಣೆಗೆ ಮೀಸಲಾದುವು 3 ಸೂತ್ರಗಳು ಮಾತ್ರ. ಈಶ್ವರಪ್ರಣಿಧಾನವಾದರೋ 4 ಕಡೆ ಬರುತ್ತದೆ. ಪತಂಜಲಿಗೆ ಅದು ಸಮಾಧಿಗೆ ಸಾಧನ. ಭಕ್ತರಿಗೆ ಈಶ್ವರನೇ ಸಾಧ್ಯ. ಭಗವದ್ಗೀತೆಯ 6ನೆಯ ಅಧ್ಯಾಯವು ಆಸನ, ಏಕಾಂತ, ಮನೋನಿಗ್ರಹಗಳನ್ನು ವಿವರಿಸಿ, ಕೊನೆಗೆ ಶ್ರದ್ಧೆಯಿಂದ ಭಗವಂತನನ್ನು ಭಜಿಸುವವನೇ ಯೋಗಿಗಳಲ್ಲಿ ಶ್ರೇಷ್ಠನೆಂದು ಮುಗಿಯುತ್ತದೆ. ರಾಮಾನುಜರು ಭಕ್ತಿಯನ್ನು ಎಣ್ಣೆಯ ಧಾರೆಯಂತೆ ಕಡಿಯದ ಸ್ಮರಣೆಯೆಂದರು. ಚಂಚಲ ಚಿತ್ತದಲ್ಲಿ ಆ ಧಾರೆ ನಿಲ್ಲದು. ಚಿತ್ತವನ್ನು ಅದಕ್ಕೆ ಅಣಿಗೊಳಿಸುವುದೇ ಯೋಗದ ಕಾರ್ಯ.

ದೇಹಾರೋಗ್ಯವೂ ಲಾಭವೇ, ಈ ವಯಸ್ಸಿನಲ್ಲಿ ನಾನು ಅದನ್ನು ಅಲ್ಲಗಳೆಯಲಾರೆ. ಆದರೆ ಯೋಗವೆಂದರೆ ಅಷ್ಟೇ ಆಗಿದ್ದರೆ, ಮಂಡಿ ಮಡಿಸಲಾರದ ವೃದ್ಧರಿಗೂ ಹಾಸಿಗೆ ಹಿಡಿದ ರೋಗಿಗಳಿಗೂ ಅದರ ಬಾಗಿಲು ಮುಚ್ಚಿರುತ್ತಿತ್ತು. ಸ್ಮರಣೆಯೇ ಅದರ ಗುರಿಯಾದುದರಿಂದ ಅವರಿಗೂ ಅದು ತೆರೆದಿದೆ. ನಾನು ತಿಳಿದಂತೆ, ಭಕ್ತಿ ಯೋಗಕ್ಕೆ ಕೊಟ್ಟ ಅರ್ಥ ಇದು.