ವರ್ಷಕ್ಕೊಮ್ಮೆ ಮರಳಿ ಗಳಿಸಬೇಕಾದ ಹೆಸರು

ನಮ್ಮ ಊರುಗಳಲ್ಲಿ ‘ಸಮಾಜ ಸೇವಕ’ ಎಂಬ ಬಿರುದು ಬಹು ಸುಲಭವಾಗಿ ದೊರೆಯುತ್ತದೆ. ಸಭೆಯ ಆಹ್ವಾನಪತ್ರಿಕೆಯಲ್ಲಿ ಮುಖ್ಯ ಅತಿಥಿಗಳ ಹೆಸರಿನ ಕೆಳಗೆ ಏನನ್ನಾದರೂ ಅಚ್ಚುಹಾಕಿಸಬೇಕಷ್ಟೆ! ವಕೀಲರೆನ್ನಬೇಕಾದರೆ ಸನದು ಬೇಕು, ಡಾಕ್ಟರೆನ್ನಬೇಕಾದರೆ ಪದವಿ ಬೇಕು. ಸಮಾಜ ಸೇವಕರೆನ್ನಲು ಮಾತ್ರ ಏನೂ ಬೇಕಾಗಿಲ್ಲ. ಒಮ್ಮೆ ಅಂಟಿಕೊಂಡ ಈ ಬಿರುದು ಆಯುಷ್ಯವಿಡೀ ಉಳಿಯುತ್ತದೆ. ಕೊಟ್ಟವರು ಯಾರೆಂದು ಕೇಳುವವರಿಲ್ಲ. ಹಿಂದಕ್ಕೆ ಪಡೆಯುವವರಂತೂ ಮೊದಲೇ ಇಲ್ಲ.

ಇಂಗ್ಲೆಂಡಿನ ರೀತಿ ಬೇರೆ. ಅಲ್ಲಿ ‘ಸೋಷಿಯಲ್ ವರ್ಕರ್’ ಎಂಬುದು ಕಾಯಿದೆಯ ಕಾವಲಿನಲ್ಲಿರುವ ಹೆಸರು. ಮಾನ್ಯತೆ ಪಡೆದ ಶಿಕ್ಷಣವನ್ನು ಮುಗಿಸಿ, ಶಾಸನಬದ್ಧವಾದ ಸಂಸ್ಥೆಯ ದಾಖಲೆಯಲ್ಲಿ ತಮ್ಮ ಹೆಸರನ್ನು ಬರೆಯಿಸಿಕೊಂಡವರಿಗೆ ಮಾತ್ರ ೨೦೦೫ರ ಏಪ್ರಿಲ್ ೧ರಿಂದ ಆ ಹೆಸರಿನ ಹಕ್ಕು ಮೀಸಲಾಗಿದೆ. ಜನರನ್ನು ವಂಚಿಸುವ ಉದ್ದೇಶದಿಂದ ಬೇರೆಯವರು ಅದನ್ನು ಧರಿಸಿದರೆ ಅದು ಅಪರಾಧವಾಗುತ್ತದೆ. ಇಷ್ಟಕ್ಕೇ ಮುಗಿಯಲಿಲ್ಲ. ಒಮ್ಮೆ ಬರೆಯಿಸಿದ ಹೆಸರು ಒಂದು ವರ್ಷದ ಮಟ್ಟಿಗೆ ಮಾತ್ರ ಉಳಿಯುತ್ತದೆ. ಪ್ರತಿವರ್ಷವೂ ಸೆಪ್ಟೆಂಬರ್ ೧ರಿಂದ ನವೆಂಬರ್ ೩೦ರೊಳಗೆ ಅದನ್ನು ನವೀಕರಿಸಿಕೊಳ್ಳಬೇಕು. ಸುಮಾರು ಒಂದು ಲಕ್ಷ ಮಂದಿ ಸಮಾಜ ಕಾರ್ಯಕರ್ತರು ಪ್ರತಿ ಶರತ್ಕಾಲದಲ್ಲಿಯೂ ತಮ್ಮ ಹೆಸರನ್ನು ತಾವೇ ಮರಳಿ ಗಳಿಸಿಕೊಳ್ಳುವರೆಂದರೆ ಉತ್ಪ್ರೇಕ್ಷೆಯಾಗದು.

ಇಷ್ಟೊಂದು ಕಟ್ಟುಪಾಡು ಏಕೆ ಎಂದು ವಾಚಕರು ಕೇಳಬಹುದು. ಉತ್ತರವು ಆ ವೃತ್ತಿಯ ಸ್ವರೂಪದಲ್ಲಿಯೇ ಇದೆ.

ಬಾಗಿಲು ತಟ್ಟುವ ಅಧಿಕಾರ

೧೮೯೫ರಲ್ಲಿ ಲಂಡನ್ನಿನ ರಾಯಲ್ ಫ್ರೀ ಆಸ್ಪತ್ರೆಯಲ್ಲಿ ಮೇರಿ ಸ್ಟೂವರ್ಟ್ ಎಂಬ ಮಹಿಳೆ ‘ಆಲ್ಮನರ್’ ಎಂಬ ಹೊಸ ಹುದ್ದೆಗೆ ನೇಮಕಗೊಂಡಳು. ಉಚಿತ ಚಿಕಿತ್ಸೆಯನ್ನು ಬೇಡಿ ಬಂದವರಲ್ಲಿ ನಿಜವಾದ ಬಡವರು ಯಾರು, ಹಣ ಕೊಡಬಲ್ಲವರು ಯಾರು ಎಂದು ವಿಚಾರಿಸುವುದು ಆಕೆಯ ಕೆಲಸ. ಕೇಳುವುದಕ್ಕೆ ಸಣ್ಣ ಕೆಲಸ. ಆದರೆ ಅಪರಿಚಿತರ ಸಂಸಾರದ ಗುಟ್ಟನ್ನು ಕೇಳಿ ತಿಳಿದು, ಅದರ ಮೇಲೆ ಒಂದು ತೀರ್ಮಾನ ಕೊಡುವ ಭಾರ ಅದರಲ್ಲಿತ್ತು. ಇಂಗ್ಲೆಂಡಿನ ವೈದ್ಯಕೀಯ ಸಮಾಜ ಕಾರ್ಯ ಬೆಳೆದುದು ಈ ಬೀಜದಿಂದಲೇ.

ಇಂದು ಆ ಭಾರ ಹತ್ತು ಮಡಿಯಾಗಿದೆ. ಮಗುವೊಂದು ಮನೆಯಲ್ಲಿ ಹಿಂಸೆಗೆ ಗುರಿಯಾಗಿದೆಯೆಂಬ ಸುದ್ದಿ ಬಂದರೆ ಆ ಮನೆಯ ಬಾಗಿಲು ತಟ್ಟುವವರು ಸಮಾಜ ಕಾರ್ಯಕರ್ತರು. ಮಗುವನ್ನು ತಾಯಿತಂದೆಯರಿಂದ ಬೇರ್ಪಡಿಸುವ ಆಜ್ಞೆಯನ್ನು ನ್ಯಾಯಾಲಯವೇ ಕೊಡುವುದು ನಿಜ. ಆದರೆ ನ್ಯಾಯಾಧೀಶರ ಮುಂದೆ ಇರುವ ವರದಿಯನ್ನು ಬರೆದವರು ಇವರು. ಒಂಟಿಯಾದ ವೃದ್ಧರು ತಮ್ಮ ಮನೆಯಲ್ಲಿಯೇ ಇರಬಲ್ಲರೋ ಇಲ್ಲವೋ ಎಂಬುದನ್ನು ಅಳೆಯುವವರು ಇವರು. ಮನೋರೋಗಿಯನ್ನು ಅವನ ಇಚ್ಛೆಗೆ ವಿರೋಧವಾಗಿ ಆಸ್ಪತ್ರೆಯಲ್ಲಿ ಇರಿಸಬೇಕಾದಾಗ, ವೈದ್ಯರ ಶಿಫಾರಸಿನ ಮೇಲೆ ಅರ್ಜಿ ಸಲ್ಲಿಸುವವರೂ ಬಹುಮಟ್ಟಿಗೆ ವಿಶೇಷ ತರಬೇತಿ ಪಡೆದ ಇವರೇ. ಹೀಗಿರುವಾಗ, ಬಾಗಿಲು ತಟ್ಟಿದವಳು ಯಾರು, ಅವಳಿಗೆ ಆ ಕೆಲಸ ಬರುತ್ತದೆಯೆ, ನಾಳೆ ಅವಳು ತಪ್ಪಿದರೆ ಕೇಳುವವರು ಯಾರು ಎಂದು ಒಳಗಿರುವ ಸಂಸಾರವು ಪ್ರಶ್ನಿಸಿದರೆ ಅದರಲ್ಲಿ ಅನ್ಯಾಯವೇನಿದೆ?

೨೦೦೦ದ ಫೆಬ್ರವರಿಯಲ್ಲಿ ಲಂಡನ್ನಿನಲ್ಲಿ ವಿಕ್ಟೋರಿಯಾ ಕ್ಲಿಂಬಿಯೆ ಎಂಬ ಎಂಟು ವರ್ಷದ ಬಾಲೆ ತನ್ನನ್ನು ಸಾಕಲು ಕರೆತಂದವರ ಕೈಯಲ್ಲಿಯೇ ಹಿಂಸೆಗೊಳಗಾಗಿ ಮೃತಳಾದಳು. ಪಶ್ಚಿಮ ಆಫ್ರಿಕದ ಐವರಿ ಕೋಸ್ಟ್‌ನಿಂದ ಬಂದ ಮಗು ಅದು. ಸಮಾಜ ಕಾರ್ಯಕರ್ತರು, ವೈದ್ಯರು, ಪೊಲೀಸರು—ಎಲ್ಲರೂ ಅವಳನ್ನು ಬಲ್ಲವರೇ. ಅವಳನ್ನು ಉಳಿಸಿಕೊಳ್ಳಲು ಹನ್ನೆರಡು ಸಂದರ್ಭಗಳಿದ್ದುವೆಂದು ೨೦೦೩ರಲ್ಲಿ ಪ್ರಕಟವಾದ ಲಾರ್ಡ್ ಲೇಮಿಂಗ್ ಅವರ ವಿಚಾರಣಾ ವರದಿ ಎಣಿಸಿ ಹೇಳಿತು. ಹನ್ನೆರಡು ಸಲ ಯಾರೋ ನೋಡಿದರು, ಕಂಡವರಿಲ್ಲ.

ಸಮಾಜ ಕಾರ್ಯಕರ್ತರ ನೋಂದಣಿಯ ಕಾಯಿದೆಯು ಅದೇ ೨೦೦೦ದಲ್ಲಿ ಬಂದಿತಾದರೂ, ಅದು ಈ ಒಂದು ಮರಣದ ಫಲವೆಂದು ಹೇಳುವಂತಿಲ್ಲ. ಚರ್ಚೆ ಅದಕ್ಕೆ ಎಷ್ಟೋ ಮೊದಲೇ ನಡೆದಿತ್ತು. ಆದರೆ ನೋಂದಣಿ ಏಕೆ ಬೇಕೆಂದು ಜನಸಾಮಾನ್ಯರಿಗೆ ತಿಳಿಯಲು ಆ ಮಗುವಿನ ಹೆಸರೊಂದೇ ಸಾಕಾಯಿತು.

ಗಂಟೆಯ ಲೆಕ್ಕದಿಂದ ಮನನದ ಕಡೆಗೆ

೨೦೦೩ರಲ್ಲಿ ಮೊದಲ ದಾಖಲೆ ತೆರೆಯಿತು. ಆಗ ನವೀಕರಣ ಮೂರು ವರ್ಷಕ್ಕೊಮ್ಮೆ; ಆ ಅವಧಿಯಲ್ಲಿ ೯೦ ಗಂಟೆ ಅಥವಾ ೧೫ ದಿನಗಳ ಕಲಿಕೆಯನ್ನು ತೋರಿಸಬೇಕಾಗಿತ್ತು. ೨೦೧೨ರ ಆಗಸ್ಟಿನಲ್ಲಿ ಈ ಹೊಣೆಯು ಆರೋಗ್ಯಸಂಬಂಧವಾದ ಅನೇಕ ವೃತ್ತಿಗಳನ್ನು ನೋಡಿಕೊಳ್ಳುವ ಇನ್ನೊಂದು ಪರಿಷತ್ತಿಗೆ ವರ್ಗವಾಗಿ, ನವೀಕರಣ ಎರಡು ವರ್ಷಕ್ಕೊಮ್ಮೆ ಆಯಿತು. ೨೦೧೭ರ ಕಾಯಿದೆಯಂತೆ ಸಮಾಜ ಕಾರ್ಯಕ್ಕೇ ಮೀಸಲಾದ ‘ಸೋಷಿಯಲ್ ವರ್ಕ್ ಇಂಗ್ಲೆಂಡ್’ ಎಂಬ ಸಂಸ್ಥೆ ರೂಪುಗೊಂಡು ೨೦೧೯ರ ಡಿಸೆಂಬರ್ ೨ರಂದು ಕೆಲಸಕ್ಕೆ ತೊಡಗಿತು. ಅಂದಿನಿಂದ ನವೀಕರಣ ವಾರ್ಷಿಕವಾಗಿದೆ. ಸ್ಕಾಟ್ಲೆಂಡ್, ವೇಲ್ಸ್ ಮತ್ತು ಉತ್ತರ ಐರ್ಲೆಂಡುಗಳಿಗೆ ಬೇರೆ ಬೇರೆ ಸಂಸ್ಥೆಗಳೂ ಬೇರೆ ಬೇರೆ ನಿಯಮಗಳೂ ಇವೆ.

ಇಂಗ್ಲೆಂಡಿನ ನವೀಕರಣಕ್ಕೆ ಮೂರು ಅಂಗಗಳು. ಮೊದಲನೆಯದು ಅರ್ಜಿ: ತಾನು ವೃತ್ತಿಯ ನಿಯಮಗಳಿಗೆ ಬದ್ಧನಾಗಿ ನಡೆಯುತ್ತಿರುವೆನೆಂದು ಕಾರ್ಯಕರ್ತನು ಅದರಲ್ಲಿ ಘೋಷಿಸಬೇಕು. ಎರಡನೆಯದು ಶುಲ್ಕ: ಸಂಸ್ಥೆಯ ಆರಂಭದ ವರ್ಷಗಳಲ್ಲಿ ಅದು ವರ್ಷಕ್ಕೆ ೯೦ ಪೌಂಡು. ಈ ಎರಡೂ ಯಾವ ಕಛೇರಿಯಲ್ಲಿಯಾದರೂ ಇರತಕ್ಕವೇ. ಸ್ವಾರಸ್ಯವಿರುವುದು ಮೂರನೆಯದರಲ್ಲಿ. ಅದು ಕಲಿಕೆಯ ದಾಖಲೆ.

ವರ್ಷದಲ್ಲಿ ತಾನು ಕಲಿತುದರ ಬಗೆಗೆ ಕಾರ್ಯಕರ್ತನು ಕನಿಷ್ಠಪಕ್ಷ ಎರಡು ಬರಹಗಳನ್ನು ಸಲ್ಲಿಸಬೇಕು. ಎಷ್ಟು ಗಂಟೆ ಉಪನ್ಯಾಸ ಕೇಳಿದೆ, ಎಷ್ಟು ಶಿಬಿರಕ್ಕೆ ಹೋದೆ ಎಂಬ ಲೆಕ್ಕವನ್ನು ಈಗ ಯಾರೂ ಕೇಳುವುದಿಲ್ಲ. ಕೇಳುವ ಪ್ರಶ್ನೆ ಬೇರೆ: ನೀನು ಏನು ಮಾಡಿದೆ, ಅದರಿಂದ ಏನು ಕಲಿತೆ, ಕಲಿತುದರಿಂದ ನಿನ್ನ ಕೆಲಸದಲ್ಲಿ, ನೀನು ಸೇವೆ ಸಲ್ಲಿಸುವ ಜನರ ಬಾಳಿನಲ್ಲಿ ಯಾವ ವ್ಯತ್ಯಾಸವಾಯಿತು? ಎರಡರಲ್ಲಿ ಒಂದು ಬರಹವನ್ನಾದರೂ ಸಹೋದ್ಯೋಗಿಯೊಡನೆ ಇಲ್ಲವೆ ಮೇಲಧಿಕಾರಿಯೊಡನೆ ಕುಳಿತು ಚರ್ಚಿಸಿರಬೇಕು. ತಾನು ನೆರವಾದ ಸಂಸಾರದ ಹೆಸರನ್ನಾಗಲಿ ಗುರುತನ್ನಾಗಲಿ ಎಲ್ಲಿಯೂ ಬಿಟ್ಟುಕೊಡಕೂಡದು.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ಮುಪ್ಪಿನ ಮರೆವಿನ ರೋಗವನ್ನು ಕುರಿತು ಒಬ್ಬ ಕಾರ್ಯಕರ್ತೆ ಲೇಖನವೊಂದನ್ನು ಓದುತ್ತಾಳೆ. ಅದುವರೆಗೆ ಆಕೆ ರೋಗಿಯ ಮನೆಗೆ ಹೋದರೆ ಎಲ್ಲ ಪ್ರಶ್ನೆಗಳನ್ನೂ ಮಗಳನ್ನೇ ಕೇಳುತ್ತಿದ್ದಳು. ಪಕ್ಕದಲ್ಲಿಯೇ ಕುಳಿತ ಮುದುಕರು ಪೀಠೋಪಕರಣದಂತೆ ಸುಮ್ಮನಿರುತ್ತಿದ್ದರು. ಓದಿದ ಮೇಲೆ ಆಕೆ ಬೆಳಗಿನ ಹೊತ್ತು, ಮುದುಕರ ಮನಸ್ಸು ತಿಳಿಯಾಗಿರುವಾಗ ಹೋಗಿ, ಮೊದಲು ಅವರೊಡನೆಯೇ ಮಾತನಾಡುತ್ತಾಳೆ. ಮಗಳು ಹೇಳದಿದ್ದ ಒಂದು ಮಾತು ಹೊರಬರುತ್ತದೆ: ಅವರಿಗೆ ಈ ಮನೆಯನ್ನು ಬಿಡುವ ಇಚ್ಛೆಯಿಲ್ಲ. ದಾಖಲೆಯಲ್ಲಿ ಬರೆಯಬೇಕಾದುದು ಇದು. ಓದಿದ ಲೇಖನದ ಹೆಸರು ಮುಖ್ಯವಲ್ಲ. ಕುರ್ಚಿಯನ್ನು ಯಾರ ಕಡೆಗೆ ತಿರುಗಿಸಿ ಕುಳಿತಳೆಂಬುದು ಮುಖ್ಯ.

ನಮ್ಮ ಹಿರಿಯರು ವಿದ್ಯೆಯನ್ನು ಶ್ರವಣ, ಮನನ, ನಿದಿಧ್ಯಾಸನಗಳೆಂದು ಮೂರು ಮೆಟ್ಟಿಲುಗಳಲ್ಲಿ ಹೇಳಿದರು. ಗಂಟೆಗಳನ್ನು ಎಣಿಸುವ ಪದ್ಧತಿ ಶ್ರವಣದಲ್ಲಿಯೇ ನಿಂತುಬಿಡುತ್ತದೆ. ಕೇಳಿದುದನ್ನು ಮನಸ್ಸಿನಲ್ಲಿ ಮಥಿಸಿ ನಡೆಯಲ್ಲಿ ತಂದಿರುವೆಯಾ ಎಂದು ಕೇಳುವ ಪದ್ಧತಿ ಎರಡನೆಯ ಮೆಟ್ಟಿಲನ್ನಾದರೂ ಹತ್ತುತ್ತದೆ.

ಮರೆತರೆ ಗತಿಯೇನು?

ನವೀಕರಿಸಿಕೊಳ್ಳದವರ ಹೆಸರನ್ನು ದಾಖಲೆಯಿಂದ ತೆಗೆಯಲಾಗುತ್ತದೆ. ಹೆಸರು ಹೋದವರು ಸಮಾಜ ಕಾರ್ಯಕರ್ತರೆಂದು ಹೇಳಿಕೊಳ್ಳುವಂತಿಲ್ಲ, ಆ ಕೆಲಸವನ್ನು ಮಾಡುವಂತಿಲ್ಲ. ಮರಳಿ ಸೇರಬೇಕಾದರೆ ಬೇರೆ ಅರ್ಜಿ, ಬೇರೆ ಶುಲ್ಕ. ಎರಡು ವರ್ಷಕ್ಕಿಂತ ಹೆಚ್ಚು ಕಾಲ ದೂರವಿದ್ದವರು ೩೦ ದಿನ, ಐದು ವರ್ಷ ಮೀರಿದವರು ೬೦ ದಿನ ಅಭ್ಯಾಸ ಮಾಡಿ ತಮ್ಮ ಜ್ಞಾನವನ್ನು ಹೊಸದುಮಾಡಿಕೊಂಡಿರಬೇಕು. ಹಾನಿ ಕಾರ್ಯಕರ್ತನೊಬ್ಬನಿಗೇ ಅಲ್ಲ. ತಿಂಗಳುಗಟ್ಟಲೆ ಮೌನವಾಗಿದ್ದ ಮಗು ಕೊನೆಗೊಮ್ಮೆ ಒಬ್ಬರನ್ನು ನಂಬಿ ಬಾಯಿಬಿಟ್ಟಿರುತ್ತದೆ. ಆ ಒಬ್ಬರು ಒಂದು ಅರ್ಜಿಯನ್ನು ಮರೆತರೆಂದು ಮರುವಾರ ಹೊಸ ಮುಖವೊಂದು ಬಾಗಿಲಲ್ಲಿ ನಿಂತರೆ, ಆ ಮಗು ಮತ್ತೆ ಬಾಯಿ ತೆರೆಯುವುದು ಎಂದಿಗೋ!

ಹಾಗೆಂದು ಈ ವ್ಯವಸ್ಥೆಯನ್ನು ರಕ್ಷೆಯ ತಾಯತವೆಂದು ಭಾವಿಸಬಾರದು. ವಿಕ್ಟೋರಿಯಾಳ ಪ್ರಕರಣದಲ್ಲಿ ಹೊಣೆ ಹೊತ್ತಿದ್ದ ಆಡಳಿತಗಳಲ್ಲಿ ಒಂದಾದ ಹ್ಯಾರಿಂಗೇ ವಿಭಾಗದಲ್ಲಿಯೇ, ೨೦೦೭ರ ಆಗಸ್ಟಿನಲ್ಲಿ ಪೀಟರ್ ಕೊನ್ನೆಲಿ ಎಂಬ ಹದಿನೇಳು ತಿಂಗಳ ಕೂಸು ಹಿಂಸೆಯಿಂದ ಸತ್ತಿತು. ಆಗ ದಾಖಲೆ ಇತ್ತು, ಹೆಸರಿಗೆ ಕಾಯಿದೆಯ ಕಾವಲೂ ಇತ್ತು. ಮಿತಿಮೀರಿದ ಕೆಲಸದ ಹೊರೆಯನ್ನು ಯಾವ ನವೀಕರಣವೂ ಇಳಿಸಲಾರದು. ಕಲಿಕೆಯ ಬರಹವನ್ನು ನವೆಂಬರಿನ ಕೊನೆಯ ರಾತ್ರಿ ಗೀಚಿ ಮುಗಿಸುವ ಅಪಾಯವೂ ಇದ್ದೇ ಇದೆ. ಪರೀಕ್ಷೆಯ ಹಿಂದಿನ ದಿನ ತುಂಬಿಬರುವ ವಿದ್ಯಾರ್ಥಿಗಳ ರೆಕಾರ್ಡ್ ಪುಸ್ತಕಗಳನ್ನು ಕಂಡ ನಮ್ಮಂಥ ಅಧ್ಯಾಪಕರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎಲ್ಲ ಬರಹಗಳನ್ನೂ ಪರಿಶೀಲಿಸುವುದು ಅಸಾಧ್ಯವಾದುದರಿಂದ ಸಂಸ್ಥೆಯು ಚೀಟಿ ಎತ್ತಿದಂತೆ ಕೆಲವನ್ನು ಮಾತ್ರ ಆರಿಸಿ ನೋಡುತ್ತದೆ.

ಆದರೂ ಒಂದು ಲಾಭ ನಿಶ್ಚಿತ. ಯಾರು ಬೇಕಾದರೂ ದಾಖಲೆಯನ್ನು ತೆರೆದು, ತಮ್ಮ ಮನೆಗೆ ಬಂದವರ ಹೆಸರು ಅದರಲ್ಲಿ ಇದೆಯೇ ಎಂದು ನೋಡಬಹುದು. ದೂರಿದ್ದರೆ ಸಲ್ಲಿಸಬಹುದು, ವಿಚಾರಣೆಯಾಗಿ ಗಂಭೀರ ತಪ್ಪು ಸಾಬೀತಾದರೆ ಹೆಸರನ್ನು ಅಳಿಸಲೂಬಹುದು. ಉತ್ತರ ಹೇಳಬೇಕಾದವರು ಯಾರೆಂಬುದು ಗೊತ್ತಿರುವುದೇ ಬಡವನಿಗೆ ಅರ್ಧ ಧೈರ್ಯ.

ನಮ್ಮಲ್ಲಿ

ಭಾರತಕ್ಕೆ ಈ ವೃತ್ತಿಶಿಕ್ಷಣ ಹೊಸತಲ್ಲ. ೧೯೩೬ರಲ್ಲಿಯೇ ಮುಂಬಯಿಯಲ್ಲಿ ಸರ್ ದೊರಾಬ್ಜಿ ಟಾಟಾ ಅವರ ಹೆಸರಿನ ಸಮಾಜ ಕಾರ್ಯ ಶಾಲೆ ಆರಂಭವಾಯಿತು. ಇಂದಿನ ಟಾಟಾ ಸಮಾಜ ವಿಜ್ಞಾನ ಸಂಸ್ಥೆ ಅದೇ. ಮಂಗಳೂರಿನ ರೋಶನಿ ನಿಲಯ ಹುಟ್ಟಿದ್ದು ೧೯೬೦ರಲ್ಲಿ. ಬೆಂಗಳೂರಿನ ನಿಮ್ಹಾನ್ಸ್ ಮನೋವೈದ್ಯಕೀಯ ಸಮಾಜ ಕಾರ್ಯದಲ್ಲಿ ದೀರ್ಘಕಾಲದಿಂದ ತರಬೇತಿ ನೀಡುತ್ತ ಬಂದಿದೆ. ಎಂ.ಎಸ್.ಡಬ್ಲ್ಯು. ಪದವೀಧರರು ನಮ್ಮ ಆಸ್ಪತ್ರೆ, ಕಾರ್ಖಾನೆ, ಮಕ್ಕಳ ಮಂದಿರಗಳಲ್ಲಿ ದುಡಿಯುತ್ತಿದ್ದಾರೆ. ಇಂಗ್ಲೆಂಡಿಗೆ ಹೋಗಿ ಆ ದಾಖಲೆಯಲ್ಲಿ ಹೆಸರು ಬರೆಯಿಸಿಕೊಂಡ ಭಾರತೀಯರೂ ಇದ್ದಾರೆ. ಅಲ್ಲಿ ಅವರೂ ಎಲ್ಲರಂತೆ ವರ್ಷಕ್ಕೊಮ್ಮೆ ಹೆಸರನ್ನು ಮರಳಿ ಗಳಿಸಬೇಕು.

ಇಲ್ಲಿಯೋ? ೨೦೧೭ರ ಮಾನಸಿಕ ಆರೋಗ್ಯ ಪಾಲನಾ ಕಾಯಿದೆಯು ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಅರ್ಹತೆಯನ್ನು ನಿರ್ದೇಶಿಸಿತು. ಆರೋಗ್ಯಕ್ಕೆ ಸಂಬಂಧಿಸಿದ ಪೂರಕ ವೃತ್ತಿಗಳಿಗಾಗಿ ೨೦೨೧ರಲ್ಲಿ ಬಂದ ಕಾಯಿದೆಯು ಆಸ್ಪತ್ರೆಯ ಸಮಾಜ ಕಾರ್ಯಕರ್ತರನ್ನೂ ತನ್ನ ಅನುಸೂಚಿಯಲ್ಲಿ ಸೇರಿಸಿಕೊಂಡಿತು. ಆದರೆ ಎಲ್ಲ ಸಮಾಜ ಕಾರ್ಯಕರ್ತರಿಗೂ ಅನ್ವಯಿಸುವ ಒಂದೇ ಶಾಸನ, ಒಂದೇ ದಾಖಲೆ ನಮ್ಮಲ್ಲಿಲ್ಲ. ಅಧಿಕಾರವಾದರೋ ಇಲ್ಲಿಯೂ ಕಡಮೆಯದಲ್ಲ. ೨೦೧೫ರ ಬಾಲನ್ಯಾಯ ಕಾಯಿದೆಯಂತೆ, ದಿಕ್ಕಿಲ್ಲದ ಮಗು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಬಂದಾಗ ಅದರ ಮನೆತನದ ಸ್ಥಿತಿಗತಿಯನ್ನು ವಿಚಾರಿಸಿ ವರದಿ ಬರೆಯುವ ಕೆಲಸ ಸಮಾಜ ಕಾರ್ಯಕರ್ತರ ಪಾಲಿಗೂ ಬರುತ್ತದೆ. ಮಗು ಮನೆಗೆ ಹಿಂದಿರುಗಬೇಕೆ, ಬಾಲಮಂದಿರಕ್ಕೆ ಹೋಗಬೇಕೆ ಎಂಬುದಕ್ಕೆ ಆ ನಾಲ್ಕು ಹಾಳೆಗಳೇ ಆಧಾರ.

ಒಂದು ಆಕ್ಷೇಪಣೆ ಏಳಬಹುದು. ಪದವಿಯಿಲ್ಲದೆ, ಶುಲ್ಕವಿಲ್ಲದೆ, ಊರಿನ ಕಷ್ಟಸುಖಕ್ಕೆ ಆಗಿಬಂದ ಪುಣ್ಯವಂತರು ನಮ್ಮಲ್ಲಿ ಎಷ್ಟೋ ಮಂದಿ ಇದ್ದಾರೆ. ಅವರಿಗೂ ಅರ್ಜಿ ನಮೂನೆಯನ್ನು ತುಂಬಿಸಬೇಕೆ? ಬೇಡವೇ ಬೇಡ. ಹಸಿದವನಿಗೆ ಅನ್ನವಿಡಲು, ರೋಗಿಯನ್ನು ಆಸ್ಪತ್ರೆಗೆ ಸೇರಿಸಲು ಯಾರ ಅಪ್ಪಣೆಯೂ ಬೇಕಿಲ್ಲ. ಸೇವೆ ಎಲ್ಲರ ಸೊತ್ತು. ಆದರೆ ಸಂಬಳ ಪಡೆದು, ಕಾಯಿದೆಯ ಬಲದಿಂದ ಇನ್ನೊಬ್ಬರ ಮನೆಯೊಳಗೆ ಕಾಲಿಟ್ಟು, ತಾಯಿ ಮಕ್ಕಳ ಬಾಳಿನ ಮೇಲೆ ವರದಿ ಬರೆಯುವುದು ವೃತ್ತಿ. ಸೇವಕನಿಗೆ ಕೃತಜ್ಞತೆ ಸಲ್ಲಬೇಕು. ವೃತ್ತಿಯವನಿಂದ ಉತ್ತರ ಸಲ್ಲಬೇಕು. ಈ ಎರಡನ್ನು ಒಂದೇ ಬಿರುದಿನಡಿಯಲ್ಲಿ ಬೆರಸಿರುವುದರಿಂದ ಇಬ್ಬರಿಗೂ ನ್ಯಾಯ ದೊರೆಯದೆ ಹೋಗಿದೆ.

ಶಾಸನ ಬರುವಾಗ ಬರಲಿ. ಅದಕ್ಕಾಗಿ ಕಾಯದೆಯೇ ಮಾಡಬಹುದಾದುದೂ ಇದೆ. ವರ್ಷಕ್ಕೆರಡು ಬಾರಿ ನಮ್ಮ ಕಾರ್ಯಕರ್ತರು ಇಬ್ಬಿಬ್ಬರಾಗಿ ಕುಳಿತು, ‘ಈ ವರ್ಷ ನಾವು ಕಲಿತದ್ದೇನು, ಅದರಿಂದ ಯಾವ ಮನೆಗೆ ಒಳಿತಾಯಿತು?’ ಎಂದು ಕೇಳಿಕೊಂಡು ಬರೆದಿಡಲು ಯಾವ ಕಾಯಿದೆಯೂ ಬೇಕಾಗಿಲ್ಲ. ಒಂದು ನೋಟು ಪುಸ್ತಕವೂ ಒಬ್ಬ ನೇರನುಡಿಯ ಗೆಳೆಯನೂ ಇದ್ದರೆ ಸಾಕು.