ಗೋಪ್ಯ ವರದಿಯೊಳಗಿನ ಹೆಣ್ಣು ಗಂಡು

ನೌಕರರ ಕೆಲಸವನ್ನು ಮೇಲಧಿಕಾರಿ ಅಳೆದು ಬರೆಯುವ ವರದಿಗೆ ಸರ್ಕಾರಿ ವಲಯದಲ್ಲಿ ರೂಢಿಯಿಂದ ಗೋಪ್ಯ ವರದಿ ಎಂದೂ ಖಾಸಗಿ ಕಂಪನಿಗಳಲ್ಲಿ ಅಪ್ರೈಸಲ್ ಎಂದೂ ಹೆಸರು. ಬಡ್ತಿಗೂ ಸಂಬಳದ ಏರಿಕೆಗೂ ಅದೇ ಆಧಾರ. ಎಷ್ಟು ಕಡತ ವಿಲೇವಾರಿಯಾಯಿತು, ಎಷ್ಟು ಮಾಲು ಮಾರಾಟವಾಯಿತು ಎಂಬುದನ್ನು ಎಣಿಸಬಹುದು. ಮುಂದಾಳತ್ವ, ವರ್ತನೆ, ಬೆಳೆಯುವ ಸಾಮರ್ಥ್ಯ ಎಂಬ ಕಲಂಗಳನ್ನು ಎಣಿಸಲಾಗದು. ಅಲ್ಲಿ ಬರೆಯುವವರ ಮನಸ್ಸೇ ತಕ್ಕಡಿ. ಲಿಂಗ ತಾರತಮ್ಯ ಹೆಚ್ಚಾಗಿ ನುಸುಳುವುದು ಈ ಕಲಂಗಳಲ್ಲಿ.

ಒಂದು ಕಾಲಕ್ಕೆ ಅದು ನುಸುಳಬೇಕಾದ ಅಗತ್ಯವೂ ಇರಲಿಲ್ಲ, ನಿಯಮದಲ್ಲೇ ಅಚ್ಚಾಗಿತ್ತು. ಕೊಡಗಿನ ವಿರಾಜಪೇಟೆಯಲ್ಲಿ ಹುಟ್ಟಿದ ಸಿ.ಬಿ. ಮುತ್ತಮ್ಮ 1949ರಲ್ಲಿ ಭಾರತೀಯ ವಿದೇಶಾಂಗ ಸೇವೆಗೆ ಸೇರಿದ ಮೊದಲ ಮಹಿಳೆ. ಆ ಸೇವೆಯ ಹೆಣ್ಣುಮಕ್ಕಳು ಮದುವೆಯಾಗಲು ಸರ್ಕಾರದ ಒಪ್ಪಿಗೆ ಪಡೆಯಬೇಕಿತ್ತು. ಸಂಸಾರದಿಂದ ಕೆಲಸಕ್ಕೆ ತೊಡಕಾದೀತೆಂದು ಸರ್ಕಾರಕ್ಕೆ ತೋರಿದರೆ ರಾಜೀನಾಮೆ ಕೊಡಬೇಕಿತ್ತು. ಗಂಡಸರಿಗೆ ಇಂಥ ಕಟ್ಟಳೆ ಇರಲಿಲ್ಲ. ಮೇಲಿನ ದರ್ಜೆಯ ಬಡ್ತಿ ತಪ್ಪಿದಾಗ ಮುತ್ತಮ್ಮ ಸುಪ್ರೀಂ ಕೋರ್ಟಿಗೆ ಹೋದರು. ಅರ್ಜಿ ಕೋರ್ಟಿನಲ್ಲಿರುವಾಗಲೇ ಬಡ್ತಿ ಬಂತು! ಅದುವರೆಗೆ ಸಾಲದಾಗಿದ್ದ ಅರ್ಹತೆ ಕೆಲವೇ ತಿಂಗಳಲ್ಲಿ ಹೇಗೆ ತುಂಬಿಕೊಂಡಿತೋ! 1979ರ ತೀರ್ಪಿನಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಆ ನಿಯಮಗಳನ್ನು ಕಟುವಾಗಿ ಟೀಕಿಸಿ, ಮುತ್ತಮ್ಮನವರ ಸೇವಾ ಹಿರಿತನವನ್ನು ಮರುಪರಿಶೀಲಿಸಲು ಹೇಳಿದರು.

ನಿಯಮ ಹೋದರೂ ಅದು ಕಲಿಸಿದ ರೂಢಿ ವರದಿಗಳಲ್ಲಿ ಉಳಿಯಬಲ್ಲದು ಎಂಬುದಕ್ಕೆ ಭೂಸೇನೆಯ ಪ್ರಕರಣ ಸಾಕ್ಷಿ. ವೈದ್ಯಕೀಯ ಮತ್ತು ದಾದಿಯರ ವಿಭಾಗಗಳ ಆಚೆಗೆ ಮಹಿಳೆಯರನ್ನು ಅಧಿಕಾರಿಗಳಾಗಿ ಸೇನೆ ತೆಗೆದುಕೊಂಡದ್ದು 1992ರಿಂದ, ಅದೂ ಕೆಲವು ವರ್ಷಗಳ ಅಲ್ಪಾವಧಿ ಸೇವೆಗೆ. ನಿವೃತ್ತಿಯವರೆಗೆ ಉಳಿಯುವ ಶಾಶ್ವತ ಕಮಿಷನ್ ಬಹುತೇಕ ವಿಭಾಗಗಳಲ್ಲಿ ಅವರಿಗೆ ಸಿಗುತ್ತಿರಲಿಲ್ಲ. 2020ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ಆ ಬಾಗಿಲು ತೆರೆಸಿತು. ಸೇನೆ ಆಯ್ಕೆ ಮಂಡಳಿ ಕೂಡಿಸಿ, ಅರ್ಹತೆ ಅಳೆಯಲು ಸೇವೆಯ ಐದನೆಯ ಅಥವಾ ಹತ್ತನೆಯ ವರ್ಷದವರೆಗಿನ ಹಳೆಯ ಗೋಪ್ಯ ವರದಿಗಳನ್ನು ಎತ್ತಿಕೊಂಡಿತು. ಗಂಡಸರಿಗೂ ಅದೇ ಪದ್ಧತಿ ಇದ್ದುದರಿಂದ ಮೇಲ್ನೋಟಕ್ಕೆ ಇದು ಸಮಾನತೆಯೇ.

ಆದರೆ ಗಂಡಸರ ವರದಿ ಬರೆಯುವಾಗ ಮೇಲಧಿಕಾರಿಗೆ ಅದರ ಮೇಲೆ ಒಬ್ಬನ ಭವಿಷ್ಯ ನಿಂತಿದೆ ಎಂಬ ಅರಿವಿತ್ತು. ಹೇಗೂ ಬಿಟ್ಟುಹೋಗುವವರು ಎಂದು ಎಣಿಸಿದ ಮಹಿಳೆಯರ ವರದಿಗೆ ಆ ಶ್ರದ್ಧೆ ಸಿಗಲಿಲ್ಲ. ಹೀಗೆ ಉದಾಸೀನವಾಗಿ ಬಿದ್ದ ಅಂಕವನ್ನು, ಅದೇ ಅವಧಿಯಲ್ಲಿ ಸೇರಿ ಶಾಶ್ವತ ಕಮಿಷನ್ ಪಡೆದ ಪುರುಷರ ಪೈಕಿ ಕೊನೆಯವರ ಅಂಕದ ಜೊತೆ ಇಟ್ಟು ತೂಗಲಾಯಿತು. ಆ ಮಹಿಳೆಯರು ನಂತರದ ವರ್ಷಗಳಲ್ಲಿ ಗಳಿಸಿದ ಪದಕ, ಪ್ರಶಂಸೆ ಯಾವುದೂ ಲೆಕ್ಕಕ್ಕೆ ಬರಲಿಲ್ಲ. ಲೆಫ್ಟಿನೆಂಟ್ ಕರ್ನಲ್ ನಿತಿಶಾ ಪ್ರಕರಣದಲ್ಲಿ 2021ರ ಮಾರ್ಚ್ 25ರಂದು ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಅವರ ಪೀಠ ಇದನ್ನು ಪರೋಕ್ಷ ತಾರತಮ್ಯ ಎಂದು ಕರೆಯಿತು. ಶೇ 60 ಅಂಕ ದಾಟಿದವರಿಗೆ, ವೈದ್ಯಕೀಯ ಅರ್ಹತೆಯೂ ಶಿಸ್ತಿನ ದಾಖಲೆಯೂ ಸರಿಯಿದ್ದರೆ, ಶಾಶ್ವತ ಕಮಿಷನ್ ಕೊಡುವಂತೆ ಆದೇಶಿಸಿತು. ಯಾವ ಅಧಿಕಾರಿಯೂ ಹೆಣ್ಣೆಂದು ಹಗೆ ಸಾಧಿಸಿದ ಎಂದು ಇಲ್ಲಿ ತೋರಿಸಬೇಕಾಗಲಿಲ್ಲ. ವ್ಯವಸ್ಥೆಯ ಪರಿಣಾಮವೇ ಸಾಕಾಯಿತು. ತೀರ್ಪಿನ ತೂಕ ಇರುವುದು ಇಲ್ಲಿ.

ಖಾಸಗಿ ಕಂಪನಿಗಳಲ್ಲಿ ಪಕ್ಷಪಾತ ಭಾಷೆಯಲ್ಲಿ ಕಾಣಿಸುತ್ತದೆ. ಅಮೆರಿಕದ ಕೀರನ್ ಸ್ನೈಡರ್ 2014ರಲ್ಲಿ 28 ಕಂಪನಿಗಳ 248 ಅಪ್ರೈಸಲ್‌ಗಳನ್ನು ಕಲೆಹಾಕಿ ಓದಿದರು. ದೋಷ ಎತ್ತಿ ತೋರಿಸಿದ ವರದಿಗಳಲ್ಲಿ ಹೆಂಗಸರವು 94, ಗಂಡಸರವು 83. ಕೆಲಸವನ್ನು ಬಿಟ್ಟು ಸ್ವಭಾವವನ್ನೇ ಹಳಿಯುವ ಮಾತು ಹೆಂಗಸರ 71 ವರದಿಗಳಲ್ಲಿತ್ತು, ಗಂಡಸರ ಎರಡರಲ್ಲಿ ಮಾತ್ರ. ಅವನು ಖಡಕ್, ಅವಳು ಗಯ್ಯಾಳಿ ಎಂದು ನಮ್ಮ ಆಡುಮಾತಿನಲ್ಲಿ ನಡೆಯುವುದೂ ಇದೇ ಲೆಕ್ಕ. ಸಹೋದ್ಯೋಗಿಗೆ ಕೈಜೋಡಿಸುವುದರಲ್ಲೂ ಇಂಥದೇ ಭೇದವನ್ನು ಮೆಡೆಲಿನ್ ಹೈಲ್‌ಮನ್ ಮತ್ತು ಜೂಲಿ ಚೆನ್ ಅವರ 2005ರ ಪ್ರಯೋಗಗಳು ತೋರಿಸಿದವು: ಗಂಡಸು ನೆರವಾದರೆ ಮೆಚ್ಚುಗೆ, ಹೆಂಗಸು ನೆರವಾಗದಿದ್ದರೆ ಕೆಟ್ಟ ಹೆಸರು.

ಇವೆಲ್ಲಕ್ಕಿಂತ ಕಣ್ಣಿಗೆ ಬೀಳದ ಕಲಂ ‘ಮುಂದಿನ ಸಾಮರ್ಥ್ಯ’. ಉತ್ತರ ಅಮೆರಿಕದ ಒಂದು ದೊಡ್ಡ ಚಿಲ್ಲರೆ ಮಾರಾಟ ಸಂಸ್ಥೆಯ ಸುಮಾರು 30,000 ನೌಕರರ ದಾಖಲೆಯನ್ನು ಅಲನ್ ಬೆನ್ಸನ್, ಡ್ಯಾನಿಯೆಲ್ ಲಿ, ಕೆಲ್ಲಿ ಶೂ ಎಂಬ ಅರ್ಥಶಾಸ್ತ್ರಜ್ಞರು ಜಾಲಾಡಿದರು. ಮಾಡಿದ ಕೆಲಸಕ್ಕೆ ಹೆಂಗಸರಿಗೆ ಗಂಡಸರಿಗಿಂತ ಹೆಚ್ಚು ಅಂಕ, ಸಾಮರ್ಥ್ಯದ ಅಂದಾಜಿನಲ್ಲಿ ಕಡಿಮೆ. ಬಡ್ತಿಗೆ ತೂಗುತ್ತಿದ್ದುದು ಎರಡನೆಯದು. ಕಡಿಮೆ ಅಂದಾಜಿಗೆ ಒಳಗಾದ ಆ ಹೆಂಗಸರೇ ಮುಂದಿನ ವರ್ಷ ಅದೇ ಅಂದಾಜು ಪಡೆದ ಗಂಡಸರಿಗಿಂತ ಚೆನ್ನಾಗಿ ಕೆಲಸ ಮಾಡಿದ್ದರು. ಅಂದಾಜು ಸುಳ್ಳಾದ ಮೇಲೂ ಮರುವರ್ಷ ಅವರಿಗೆ ಬಿದ್ದ ಸಾಮರ್ಥ್ಯದ ಅಂಕ ಹಾಗೆಯೇ ಕೆಳಗಿತ್ತು.

ಪರಿಹಾರಕ್ಕೆ ಮನಃಪರಿವರ್ತನೆಯ ಶಿಬಿರ ನಡೆಸುವುದು ಸುಲಭ. ನಮೂನೆ ತಿದ್ದುವುದು ಅದಕ್ಕಿಂತ ಫಲಕಾರಿ. ಒಂದು ವಿಶ್ವವಿದ್ಯಾಲಯದಲ್ಲಿ ಬೋಧಕರಿಗೆ ವಿದ್ಯಾರ್ಥಿಗಳು ಕೊಡುವ ಅಂಕವನ್ನು ಹತ್ತರ ಬದಲು ಆರಕ್ಕೆ ಇಳಿಸಿದಾಗ, ಗಂಡಸರೇ ತುಂಬಿದ್ದ ವಿಭಾಗಗಳಲ್ಲೂ ಹೆಣ್ಣು ಗಂಡಿನ ಅಂಕದ ಅಂತರ ಅಳಿಸಿಹೋಯಿತೆಂದು ಲಾರೆನ್ ರಿವೆರಾ ಮತ್ತು ಆಂಡ್ರಾಸ್ ಟಿಲ್ಚಿಕ್ 2019ರಲ್ಲಿ ವರದಿ ಮಾಡಿದರು. ಹತ್ತಕ್ಕೆ ಹತ್ತು ಎಂದರೆ ಮೇಧಾವಿ ಎಂಬ ಭಾವನೆ, ಆ ಚಿತ್ರಕ್ಕೆ ಹೊಂದುವುದು ಗಂಡಸಿನ ಮುಖ. ಆರಕ್ಕೆ ಆರರಲ್ಲಿ ಆ ಪ್ರಭಾವಳಿ ಇಲ್ಲ.

ಇನ್ನೊಂದು ದಾರಿ ಗೋಪ್ಯವನ್ನೇ ತೆಗೆಯುವುದು. ವರದಿಯ ಪ್ರತಿಯೊಂದು ಷರಾವನ್ನೂ, ಅದು ‘ಉತ್ತಮ’ ಎಂದಿದ್ದರೂ, ಸರ್ಕಾರಿ ನೌಕರರಿಗೆ ತಿಳಿಸಲೇಬೇಕು ಎಂದು ದೇವ್ ದತ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2008ರಲ್ಲಿ ಹೇಳಿತು. ಮರುವರ್ಷದಿಂದ ಕೇಂದ್ರ ಸರ್ಕಾರದಲ್ಲಿ ಪೂರ್ತಿ ವರದಿ ನೌಕರರ ಕೈಗೇ ಬರುತ್ತಿದೆ. ಆಕ್ಷೇಪ ಸಲ್ಲಿಸಲು ಇರುವ ಗಡುವು 15 ದಿನ.